ಅರ್ಧ ತಾಟು ಜೋಳ

ಮ್ಯಾಕ್ರೋಬಯೋಟಿಕ್ ಪದ್ಧತಿಯಲ್ಲಿ ಉಣ್ಣಬೇಕು ಅನ್ನುವವರಿಗೆ ಮೊದಲು ಹೇಳಿಕೊಡುವ ಅಳತೆ ಇದು: ತಾಟಿನ ಅರ್ಧ ಭಾಗ ಇಡಿ ಧಾನ್ಯ. ಪಾಲಿಶ್ ಮಾಡದ, ಹೊಟ್ಟು ತೆಗೆಯದ ಧಾನ್ಯ. ಇನ್ನೊಂದು ಕಾಲುಭಾಗ, ಇಲ್ಲವೇ ಅದಕ್ಕಿಂತ ತುಸು ಹೆಚ್ಚು, ಕಾಯಿಪಲ್ಯ. ಉಳಿದ ಜಾಗದಲ್ಲಿ ಬೇಳೆಕಾಳು, ಒಂದು ಬಟ್ಟಲು ಸಾರು, ಸಮುದ್ರದ ಪಾಚಿ. ಸಕ್ಕರೆ ಬೇಡ, ಮೈದಾ ಬೇಡ, ಹಾಲು-ಬೆಣ್ಣೆ ಬೇಡ, ಮಾಂಸ ಬೇಡ. ಬೇಕಾದವರಿಗೆ ಆಗೊಮ್ಮೆ ಈಗೊಮ್ಮೆ ಮೀನು. ತುತ್ತನ್ನು ಬಾಯಲ್ಲಿ ನೀರಾಗುವ ತನಕ ಅಗಿಯಬೇಕು. ಹಸಿದಾಗ ಮಾತ್ರ ಉಣ್ಣಬೇಕು. ಮಲಗುವುದಕ್ಕೆ ಮೂರು ತಾಸು ಮೊದಲೇ ಊಟ ಮುಗಿದಿರಬೇಕು.

ಪಾಚಿಯನ್ನೊಂದು ಬಿಟ್ಟರೆ ಕಲಬುರಗಿಯ ಅಡುಗೆಮನೆಗೆ ಈ ಅಳತೆ ಸಲೀಸಾಗಿ ಹೊಂದುತ್ತದೆ. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬ್ಯಾಳಿ, ಒಂದು ಚಮಚ ಅಗಸಿ ಹಿಂಡಿ, ಹಸಿ ಉಳ್ಳಾಗಡ್ಡಿ, ನಾಲ್ಕು ಎಸಳು ಮೆಂತ್ಯದ ಸೊಪ್ಪು. ಹೊಲಕ್ಕೆ ಹೋಗುವವರ ಬುತ್ತಿಯೇ ಇದು. ಹಾಗಿದ್ದ ಮೇಲೆ ಜಪಾನಿನಿಂದ ಬಂದ ಪದ್ಧತಿಯ ಗೊಡವೆ ನಿನಗ್ಯಾಕೆ ಎಂದು ಬಂಧುಬಳಗದವರು ಬಹಳ ಸಲ ಕೇಳಿದ್ದಾರೆ. ಉತ್ತರ ಸರಳ: ಈ ಬುತ್ತಿ ನಮ್ಮ ಮನೆಯಲ್ಲಿ ಇರಲಿಲ್ಲ. ಜೋಳದ ಸೀಮೆಯಲ್ಲಿ ಇದ್ದುಕೊಂಡೇ ನಾವು ಮುಂಜಾನೆ ಸುಸಲಾ-ಮಿರ್ಚಿ, ಮಧ್ಯಾಹ್ನ ಬಿಳಿ ಅನ್ನ, ನಾಲ್ಕು ಗಂಟೆಗೆ ಚಹಾ-ಬಿಸ್ಕತ್ತು, ರಾತ್ರಿ ಹತ್ತರ ಮೇಲೆ ಚಪಾತಿ ಉಂಡು ಮಲಗುತ್ತಿದ್ದೆವು. ಮನೆಯವರ ರಕ್ತದ ಸಕ್ಕರೆ ಗಡಿಗೆ ಬಂದು ನಿಂತಿದೆ ಎಂದು ವೈದ್ಯರು ಹೇಳಿದ ಮೇಲೆ ನಾನು ಓದತೊಡಗಿದೆ. ಓದುತ್ತ ಓದುತ್ತ ಈ ಪದ್ಧತಿ ಸಿಕ್ಕಿತು. ಸಿಕ್ಕ ಮೇಲೆ ಅದರ ಬೆನ್ನು ಹತ್ತಿದೆ.

ಇದರ ಮೂಲಕ್ಕೆ ಹೋದರೆ ಸಾಗೆನ್ ಇಶಿಜುಕಾ ಎಂಬ ಜಪಾನಿ ಸೈನ್ಯದ ವೈದ್ಯ ಸಿಗುತ್ತಾನೆ (1850–1909). ಆ ಕಾಲದ ಜಪಾನಿನ ಸೈನಿಕರು ಬೆರಿಬೆರಿ ರೋಗದಿಂದ ಸಾಯುತ್ತಿದ್ದರು. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವ ಉಳಿದಿರುವುದಿಲ್ಲ, ರೋಗಕ್ಕೆ ಅದೇ ಕಾರಣ ಎಂಬುದು ಜಗತ್ತಿಗೆ ತಿಳಿದದ್ದು ಆಮೇಲೆ. ಇಶಿಜುಕಾ ತನ್ನದೇ ದಾರಿಯಲ್ಲಿ ಹೋಗಿ, ಸೋಡಿಯಂ ಮತ್ತು ಪೊಟ್ಯಾಸಿಯಂ ಸಮತೋಲದಲ್ಲೇ ಆರೋಗ್ಯವಿದೆ ಎಂದು ವಾದಿಸಿದ. ಹೊಟ್ಟು ತೆಗೆಯದ ಕಂದು ಅಕ್ಕಿಗೆ ಮರಳಿರಿ ಎಂದ. ಅವನ ವಿಚಾರವನ್ನು ಮುಂದೆ ಒಯ್ದವರು ಜಾರ್ಜ್ ಒಸಾವಾ (1893–1966). ಹುಟ್ಟಿದ ಹೆಸರು ಯುಕಿಕಾಜು ಸಕುರಾಜಾವಾ. ಹರೆಯದಲ್ಲಿ ತಗುಲಿದ ಕ್ಷಯ ಈ ಊಟದಿಂದಲೇ ಗುಣವಾಯಿತು ಎಂದು ಅವರು ನಂಬಿದ್ದರು. ಇಶಿಜುಕಾನ ರಸಾಯನ ಲೆಕ್ಕವನ್ನು, ಎಲ್ಲದರಲ್ಲೂ ಎರಡು ಎದುರುಬದುರು ಗುಣಗಳನ್ನು ಕಾಣುವ ಚೀನಾದ ಯಿನ್-ಯಾಂಗ್ ತತ್ವಕ್ಕೆ ಜೋಡಿಸಿ, ಪ್ಯಾರಿಸ್ಸಿಗೆ ಹೋಗಿ, ಇದನ್ನೊಂದು ಜೀವನಕ್ರಮವನ್ನಾಗಿ ಕಟ್ಟಿದರು. ಅವರ ಶಿಷ್ಯ ಮಿಚಿಯೋ ಕುಶಿ (1926–2014) ಮತ್ತು ಹೆಂಡತಿ ಅವೆಲಿನ್ ಅಮೆರಿಕದ ಬಾಸ್ಟನ್‌ನಲ್ಲಿ ನೆಲೆನಿಂತು, 1966ರಲ್ಲಿ ಎರೆವಾನ್ ಎಂಬ ಚಿಕ್ಕ ಅಂಗಡಿ ತೆರೆದರು. ಕಂದು ಅಕ್ಕಿ, ಮಿಸೊ (ಸೋಯಾ ಕಾಳನ್ನು ಉಪ್ಪಿನಲ್ಲಿ ಹುದುಗಿಸಿದ ಮುದ್ದೆ), ಸಾವಯವ ಧಾನ್ಯಗಳು ಅಲ್ಲಿನ ಪೇಟೆಗೆ ಕಾಲಿಟ್ಟದ್ದರಲ್ಲಿ ಈ ದಂಪತಿಯ ಪಾಲು ದೊಡ್ಡದು.

ಇಷ್ಟರಲ್ಲೆಲ್ಲ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಒಂದು. ಮೈ ಬೇರೆ, ಅದು ನಿಂತ ನೆಲ ಬೇರೆ ಎಂದು ಈ ಪದ್ಧತಿ ಒಪ್ಪುವುದಿಲ್ಲ. ಯಾವ ಹವೆಯಲ್ಲಿ ಉಸಿರಾಡುತ್ತೀಯೋ ಆ ಹವೆಯಲ್ಲಿ ಬೆಳೆದದ್ದನ್ನು ಉಣ್ಣು, ಯಾವ ಕಾಲ ನಡೆದಿದೆಯೋ ಆ ಕಾಲದ್ದನ್ನು ಉಣ್ಣು ಎನ್ನುತ್ತದೆ. ಈ ಒಂದು ತತ್ವವನ್ನು ಗಟ್ಟಿಯಾಗಿ ಹಿಡಿದರೆ ಅದರ ಪಟ್ಟಿಯ ಅರ್ಧದಷ್ಟು ಪದಾರ್ಥಗಳು ಕಲಬುರಗಿಯಲ್ಲಿ ತಾವಾಗಿಯೇ ಬಿದ್ದುಹೋಗುತ್ತವೆ.

ಮುಂಬೈ, ಬೆಂಗಳೂರಿನಲ್ಲಿ ಈ ಪದ್ಧತಿ ಹಿಡಿದವರ ಅಡುಗೆಮನೆಯಲ್ಲಿ ಮಿಸೊ ಡಬ್ಬಿ, ಕೊಂಬು ಪಾಚಿ, ಉಮೆಬೋಶಿ ಎಂಬ ಉಪ್ಪು ಹಾಕಿದ ಹುಳಿಕಾಯಿ, ಆಮದಿನ ಸೋಯಾ ಸಾಸ್ ಕಾಣುತ್ತವೆ. ಸಣ್ಣ ಬಾಟಲಿಗೂ ದೊಡ್ಡ ಬೆಲೆ. ನಾನು ಯಾವುದನ್ನೂ ತರಿಸಲಿಲ್ಲ. ಹತ್ತಿರದ ನೆಲದ್ದನ್ನು ಉಣ್ಣು ಎನ್ನುವ ಪದ್ಧತಿಯನ್ನು ಹಡಗಿನಲ್ಲಿ ಬಂದ ಸಾಮಾನಿನಿಂದ ಪಾಲಿಸುವುದು ಆ ಪದ್ಧತಿಗೇ ಸಲ್ಲದು. ಉಪ್ಪಿನ ಪ್ರಶ್ನೆಯೂ ಇದೆ. ಮಿಸೊ, ಸೋಯಾ ಸಾಸ್, ಉಮೆಬೋಶಿ ಮೂರೂ ಉಪ್ಪಿನ ಗಣಿ. ಜಪಾನಿನ ಚಳಿಗೆ ಅದು ಒಗ್ಗೀತು. ಬೇಸಿಗೆಯಲ್ಲಿ 43 ಡಿಗ್ರಿ ಸುಡುವ ನಮ್ಮೂರಲ್ಲಿ, ಮನೆಗೊಬ್ಬರಿಗೆ ಬಿಪಿ ಇರುವಾಗ, ದಿನಕ್ಕೆ 5 ಗ್ರಾಂ ಉಪ್ಪು ದಾಟಬೇಡಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತೇ ನನಗೆ ಸರಿಯಾದ ಅಳತೆ. ಇನ್ನೊಂದು ಎಚ್ಚರವೂ ಬೇಕು. ಈ ಪದ್ಧತಿಯವರು ಅಯೋಡಿನ್ ಬೆರೆಸದ ಸಮುದ್ರದ ಉಪ್ಪು ಬಳಸುತ್ತಾರೆ. ಅವರಿಗೆ ಅಯೋಡಿನ್ ಪಾಚಿಯಿಂದ ಸಿಗುತ್ತದೆ. ಪಾಚಿ ಬಿಟ್ಟ ನಾನು ಅಯೋಡಿನ್ ಉಪ್ಪನ್ನೂ ಬಿಟ್ಟರೆ ಥೈರಾಯ್ಡಿನ ಗತಿ ಏನು? ಹಾಗಾಗಿ ನಮ್ಮ ಮನೆಯಲ್ಲಿ ಪ್ಯಾಕೆಟ್ಟಿನ ಅಯೋಡಿನ್ ಉಪ್ಪೇ ಇದೆ, ಮುಂದೆಯೂ ಇರುತ್ತದೆ.

ಕಂದು ಅಕ್ಕಿಯನ್ನು ಪೂರ್ತಿ ಬಿಟ್ಟಿಲ್ಲ. ಯಾದಗಿರಿ ಕಡೆ, ಶಹಾಪುರ-ಸುರಪುರದಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತಾರೆ. ಅಲ್ಲಿನ ಪರಿಚಯದವರು ಪಾಲಿಶ್ ಇಲ್ಲದ ಅಕ್ಕಿ ಮಾಡಿಸಿಕೊಡುತ್ತಾರೆ. ವಾರದಲ್ಲಿ ಒಂದೆರಡು ಹೊತ್ತು ಅದು. ಆದರೆ ಅರ್ಧ ತಾಟಿನ ಯಜಮಾನಿಕೆ ಜೋಳದ್ದೇ. ಹಿಂಗಾರಿಯ ಬಿಳಿಜೋಳ, ಮಾಲದಂಡಿ. ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿದ್ದು, ಕರಿ ಎರೆ ಮಣ್ಣು ಹಿಡಿದಿಟ್ಟುಕೊಂಡ ಹಸಿಯಲ್ಲೇ, ಚಳಿಯ ಇಬ್ಬನಿಯಲ್ಲೇ ಬೆಳೆದು ಫೆಬ್ರುವರಿ-ಮಾರ್ಚಿಗೆ ಕೊಯ್ಲಿಗೆ ಬರುತ್ತದೆ. ಮೇಲೆ ನೀರು ಹಾಯಿಸುವುದು ಕಡಿಮೆ. ಜೋಳ ಮೂಲತಃ ಆಫ್ರಿಕಾದ ಬೆಳೆ, ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ದಖ್ಖನ್ನಿನದೇ ಆಯಿತು. ಅದರ ಜೊತೆಗಾರ ತೊಗರಿ ಮಾತ್ರ ಈ ದೇಶದಲ್ಲೇ ಹುಟ್ಟಿದ್ದು. ನಮ್ಮ ಸುಣ್ಣದ ಅಂಶವಿರುವ ಮಣ್ಣಿನಲ್ಲಿ ಬೆಳೆದ ತೊಗರಿಬ್ಯಾಳಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ನೆಹರು ಗಂಜಿನ ದಾಲ್ ಮಿಲ್ಲುಗಳ ಹತ್ತಿರ ಹಾದುಹೋದರೆ ಗಾಳಿಯಲ್ಲೇ ಅದರ ವಾಸನೆ ತಿಳಿಯುತ್ತದೆ.

ನಿಷೇಧದ ಪಟ್ಟಿಯಲ್ಲಿ ಬದನೆಕಾಯಿಯೂ ಇದೆ! ಟೊಮ್ಯಾಟೊ, ಆಲೂಗಡ್ಡೆ, ಮೆಣಸಿನಕಾಯಿ, ಬದನೆ ನಾಲ್ಕೂ ಒಂದೇ ಕುಲದವು, ಅತಿಯಾದ ಯಿನ್ ಗುಣದವು, ದೂರವಿಡಿ ಎನ್ನುತ್ತಾರೆ. ಮೊದಲ ಮೂರು ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದ ಆಚೀಚೆ ಬಂದವು. ಬದನೆ ಇಲ್ಲಿಯದೇ. ನೆಲದ ತತ್ವವನ್ನೇ ಒಪ್ಪುವುದಾದರೆ ಎಣ್ಣಿಗಾಯಿಗೆ ನನ್ನ ತಾಟಿನಲ್ಲಿ ಜಾಗ ಇರಲೇಬೇಕು. ಎಣ್ಣೆ ಕಡಿಮೆ ಮಾಡಿ, ಎಳ್ಳು-ಶೇಂಗಾ ಹೆಚ್ಚಿಗೆ ತುಂಬಿ ಮಾಡುತ್ತೇನೆ. ಟೊಮ್ಯಾಟೊ ಬದಲು ಹುಣಸಿ, ಪುಂಡಿ. ಮೆಣಸಿನಕಾಯಿಯನ್ನು ಕಡಿಮೆ ಮಾಡಿದೆನೇ ಹೊರತು ಬಿಟ್ಟಿಲ್ಲ. ಕೆಂಪು ಖಾರ ಇಲ್ಲದ ಹಿಂಡಿಯನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ.

ಹಿಂಡಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ: ಜಪಾನಿಯರು ಹುರಿದ ಎಳ್ಳನ್ನು ಉಪ್ಪಿನ ಜೊತೆ ಒರಳಲ್ಲಿ ಅರೆದು ಗೊಮಾಸಿಯೊ ಎಂಬ ಪುಡಿ ಮಾಡಿ ಅನ್ನದ ಮೇಲೆ ಉದುರಿಸಿಕೊಳ್ಳುತ್ತಾರೆ. ಅಗಸಿ, ಗುರೆಳ್ಳು, ಶೇಂಗಾ, ಎಳ್ಳು ಎಂದು ನಾಲ್ಕು ಡಬ್ಬಿ ಸಾಲಾಗಿಟ್ಟ ಮನೆಗೆ ಇದನ್ನು ಬೇರೆ ಕಲಿಸಬೇಕಿಲ್ಲ. ಆದರೆ ಹಿಂಡಿಯನ್ನು ನಾಲಿಗೆಯ ರುಚಿಗೆ ಮಾತ್ರ ಎಂದು ತಿಳಿದಿದ್ದ ನಾನು ಈಗ ಅದನ್ನು ಊಟದ ಭಾಗವೆಂದೇ ಎಣಿಸುತ್ತೇನೆ. 100 ಗ್ರಾಂ ಎಳ್ಳಿನಲ್ಲಿ ಸಾವಿರ ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಸಿಪ್ಪೆಯಲ್ಲಿನ ಆಕ್ಸಲೇಟ್‌ನಿಂದಾಗಿ ಅದಷ್ಟೂ ಮೈಗೆ ಹತ್ತುವುದಿಲ್ಲ ಎಂಬುದೂ ನಿಜ. ಅಗಸಿಯಲ್ಲಿ ಒಮೆಗಾ-3 ಕೊಬ್ಬು ಇದೆ. ಶೇಂಗಾದ ವಿಷಯಕ್ಕೆ ಮುಂದೆ ಬರುತ್ತೇನೆ, ಅದರ ಮಹತ್ವ ಬೇರೆಯೇ ಇದೆ.

ಈ ಪದ್ಧತಿ ನಮ್ಮ ಮನೆಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಬೇಸರಪಟ್ಟವರು ನಮ್ಮ ಅತ್ತಿ. ನಾನು ಅವರು ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಹಿರಿಯರು ಉಂಡದ್ದನ್ನೇ ಅಲ್ಲವೇ ಮತ್ತೆ ತರುತ್ತಿರುವುದು?

"ಅನ್ನ ಯಾಕ್ ಬಿಡ್ಬೇಕವ್ವಾ?" ಎಂದರು. "ನಾವ್ ಸಣ್ಣೋರಿದ್ದಾಗ ಹಬ್ಬ ಬಂದ್ರ ಅಷ್ಟೇ ಅನ್ನ. ಬಾಣಂತಿಗಿ, ಬೀಗರು ಬಂದಾಗ. ದಿನಾ ಅನ್ನ ಉಣ್ಣೋ ಮನಿಗಿ ಕೊಡ್ಬೇಕು ನಿನ್ನ ಅಂತಿದ್ದ ನಮ್ಮಪ್ಪ."

ಅವರು ಬರಗಾಲ ಕಂಡವರು. 1972ರಲ್ಲಿ ಹೊಲ ಬಿರಿದು, ರೇಶನ್ನಿನ ಕೆಂಪು ಜೋಳಕ್ಕೆ ಸರತಿ ನಿಂತವರು. ಆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದು ಈಗಲೂ ಹೇಳುತ್ತಾರೆ. ಅವರಿಗೆ ಬಿಳಿ ಅನ್ನ ಎಂದರೆ ಆ ಕಾಲ ದಾಟಿ ಬಂದದ್ದರ ಗುರುತು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಯಲ್ಲೂ ನಿತ್ಯ ಅನ್ನ ಬೆಂದಿತು. ಅದರಿಂದ ಹಸಿವು ತಗ್ಗಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಅದನ್ನು ಹೀಗಳೆಯುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. 1970ರ ಹೊತ್ತಿಗೆ ದೇಶದಲ್ಲಿ ಸುಮಾರು 1.7 ಕೋಟಿ ಹೆಕ್ಟೇರಿನಲ್ಲಿದ್ದ ಜೋಳ ಈಗ 40 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿರುವುದಕ್ಕೆ ಅಕ್ಕಿ-ಗೋದಿಯ ಅಗ್ಗದ ಬೆಲೆಯೂ ಒಂದು ಕಾರಣ. ಇವತ್ತು ಗಂಜಿನಲ್ಲಿ ಒಳ್ಳೆಯ ಮಾಲದಂಡಿ ಕೊಳ್ಳಲು ಕೂಲಿಯವರಿಗೆ ಕೈ ಬರುವುದಿಲ್ಲ. ಬಡವರ ಧಾನ್ಯವಾಗಿದ್ದದ್ದು ಇದ್ದವರ ಪಥ್ಯವಾಗುತ್ತಿದೆ. ಇದು ನನ್ನನ್ನು ನೋಯಿಸುತ್ತದೆ. ರೇಶನ್ ಅಂಗಡಿಯಲ್ಲಿ ಅಕ್ಕಿಯ ಜೊತೆ ಒಳ್ಳೆಯ ಬಿಳಿಜೋಳವೂ ತಪ್ಪದೆ ಸಿಗುವಂತಾದರೆ, ಅದನ್ನು ನಮ್ಮದೇ ಜಿಲ್ಲೆಯ ರೈತರಿಂದ ಒಳ್ಳೆಯ ಬೆಲೆಗೆ ಕೊಂಡರೆ, ಊಟದ ಬಗ್ಗೆ ಬರೆಯುವ ನಮ್ಮಂಥವರ ಮಾತಿಗಿಂತ ನೂರು ಪಾಲು ಕೆಲಸ ಆದೀತು.

ಅತ್ತಿಗೆ ಈಗಲೂ ರಾತ್ರಿ ಒಂದು ಹಿಡಿ ಬಿಳಿ ಅನ್ನ, ಮೊಸರು. ಅದರಲ್ಲಿ ನಾನು ಕೈ ಹಾಕುವುದಿಲ್ಲ.

ಹಿರಿಯರು ಉಂಡದ್ದೆಲ್ಲ ಅಮೃತ ಎಂಬ ಮಾತನ್ನು ನಾನು ಯಾಕೆ ಒಪ್ಪುವುದಿಲ್ಲ ಎಂಬುದಕ್ಕೆ ನಮ್ಮ ದಖ್ಖನ್ನಿನದೇ ಒಂದು ಪಾಠ ಇದೆ. 1960ರಲ್ಲಿ ಹೈದರಾಬಾದಿನ ಪೌಷ್ಟಿಕತೆಯ ಸಂಶೋಧನಾಲಯದಲ್ಲಿ (ಈಗಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ) ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಎಂಬ ವೈದ್ಯರು ಜೋಳ ಉಣ್ಣುವ ಬಡವರಲ್ಲಿ ಪೆಲಾಗ್ರ ರೋಗ ಕಾಣಿಸಿಕೊಳ್ಳುವ ಬಗ್ಗೆ ವರದಿ ಪ್ರಕಟಿಸಿದರು. ಬಿಸಿಲು ತಾಗುವ ಕಡೆ, ಕೊರಳ ಸುತ್ತ, ಮುಂಗೈ ಮೇಲೆ ಚರ್ಮ ಕಪ್ಪಾಗಿ ಸುಲಿಯುತ್ತದೆ. ಭೇದಿ ಹಿಡಿಯುತ್ತದೆ. ಮನಸ್ಸು ಕುಗ್ಗುತ್ತದೆ. ನಯಾಸಿನ್ ಎಂಬ ಜೀವಸತ್ವದ ಕೊರತೆ ಇದು. ಅಲ್ಲಿಯವರೆಗೆ ಜಗತ್ತಿಗೆ ಇದು ಮೆಕ್ಕೆಜೋಳ ಉಣ್ಣುವವರ ರೋಗವೆಂದೇ ಗೊತ್ತಿತ್ತು. ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಿದ್ದು, ಅದು ಮೈಯಲ್ಲಿ ನಯಾಸಿನ್ ತಯಾರಾಗುವುದಕ್ಕೆ ಅಡ್ಡ ಬರುತ್ತದೆ ಎಂದು ಅವರು ವಿವರಿಸಿದರು. ಆ ವಿವರಣೆಯ ಮೇಲೆ ಮುಂದೆ ವಾದ-ವಿವಾದ ನಡೆದವು. ಆದರೆ ಯಾರಿಗೆ ರೋಗ ಬರುತ್ತಿತ್ತು ಎಂಬುದರಲ್ಲಿ ವಿವಾದವಿಲ್ಲ: ಮೂರು ಹೊತ್ತೂ ಜೋಳ, ಜೊತೆಗೆ ಖಾರ-ಉಪ್ಪು ಬಿಟ್ಟರೆ ಬೇರೆ ಇಲ್ಲದವರಿಗೆ. ಬೇಳೆ, ಸೊಪ್ಪು, ಶೇಂಗಾ, ಹಾಲು ಇದ್ದ ಮನೆಗೆ ಅದು ಬರಲಿಲ್ಲ. ಶೇಂಗಾದಲ್ಲಿ ನಯಾಸಿನ್ ತುಂಬಿ ತುಳುಕುತ್ತದೆ. ಜೋಳದಲ್ಲಿ ಕೊರತೆಯಿರುವ ಲೈಸಿನ್ ಎಂಬ ಪ್ರೋಟೀನಿನ ಅಂಶ ತೊಗರಿಯಲ್ಲಿ ಹೇರಳ. ರೊಟ್ಟಿಯ ಪಕ್ಕ ಬ್ಯಾಳಿಯನ್ನೂ ಶೇಂಗಾ ಹಿಂಡಿಯನ್ನೂ ಇಟ್ಟವರು ಇಷ್ಟೆಲ್ಲ ತಿಳಿದು ಇಟ್ಟರೋ ಇಲ್ಲವೋ, ಹಾಗೆ ಇಡಲು ಯಾರಿಗೆ ಸಾಧ್ಯವಾಗಿತ್ತೋ ಅವರು ಉಳಿದರು.

ಮ್ಯಾಕ್ರೋಬಯೋಟಿಕ್ ಇತಿಹಾಸದಲ್ಲೂ ಇದೇ ಪಾಠ ಇದೆ, ಇನ್ನೂ ಕ್ರೂರವಾಗಿ. ಒಸಾವಾ ಊಟಕ್ಕೆ ಮೆಟ್ಟಿಲುಗಳನ್ನು ಮಾಡಿದ್ದರು. ತುತ್ತತುದಿಯ ಏಳನೆಯ ಮೆಟ್ಟಿಲಲ್ಲಿ ಬರೀ ಧಾನ್ಯ. ಅದನ್ನು ಹತ್ತಿದಷ್ಟೂ ಶುದ್ಧಿ ಎಂದು ಕೆಲವರು ನಂಬಿದರು. 1965ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಒಬ್ಬ ಯುವತಿ ಆ ಊಟ ಹಿಡಿದು ಸೊರಗಿ ತೀರಿಕೊಂಡಳು. 1971ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಆಹಾರ ಸಮಿತಿ ಈ ಕಟ್ಟುನಿಟ್ಟಿನ ಪಥ್ಯವನ್ನು ಅಪಾಯಕಾರಿ ಎಂದು ಖಂಡಿಸಿತು. ಕುಶಿ ದಂಪತಿ ಮುಂದೆ ಪಟ್ಟಿಯನ್ನು ಸಡಿಲಿಸಿ, ಕಾಯಿಪಲ್ಯ, ಕಾಳು, ಮೀನು ಸೇರಿಸಿ ಈಗಿನ ಅರ್ಧ ತಾಟಿನ ಅಳತೆಗೆ ತಂದರು. ನಾನು ಒಪ್ಪಿದ್ದು ಈ ಅಳತೆಯನ್ನು.

ಒಪ್ಪದ ಎರಡು ಸಂಗತಿಗಳನ್ನು ಖಡಾಖಂಡಿತವಾಗಿ ಹೇಳಬೇಕು.

ಒಂದು, ಕ್ಯಾನ್ಸರ್. ಈ ಊಟದಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಬಹಳ ಕಾಲ ಪ್ರಚಾರ ನಡೆಯಿತು, ಈಗಲೂ ಮೊಬೈಲಿನಲ್ಲಿ ಅಂಥ ವಿಡಿಯೊಗಳು ಓಡಾಡುತ್ತವೆ. ಹಾಗೆ ವಾಸಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅವೆಲಿನ್ ಕುಶಿ 2001ರಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ, ಮಿಚಿಯೋ ಕುಶಿ 2014ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡರು. ಅವರನ್ನು ಹೀಯಾಳಿಸಲು ಇದನ್ನು ಬರೆಯುತ್ತಿಲ್ಲ. ಜೀವಮಾನವಿಡೀ ನಿಯಮದಂತೆ ಉಂಡವರಿಗೂ ರೋಗ ಬರುತ್ತದೆ, ಬಂದಾಗ ಅದಕ್ಕೆ ಔಷಧಿಯೇ ಬೇಕು. ನಮ್ಮೂರಲ್ಲೇ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಇದೆ. ಗಂಟು ಕಂಡವರು, ರಕ್ತ ಕಂಡವರು ಮೊದಲು ಅಲ್ಲಿಗೆ ಹೋಗಬೇಕು. ಊಟದ ವಿಚಾರ ಅದರ ನಂತರ. ಸಕ್ಕರೆ ಕಾಯಿಲೆಯೂ ಅಷ್ಟೇ. ನಮ್ಮ ಮನೆಯವರ ಸಕ್ಕರೆ ಈಗ ಹದದಲ್ಲಿದೆ, ಆದರೆ ಅದಕ್ಕೆ ಊಟ ಎಷ್ಟು ಕಾರಣ, ಬೆಳಗಿನ ನಡಿಗೆ ಎಷ್ಟು, ಮಾತ್ರೆ ಎಷ್ಟು ಎಂದು ಪಾಲು ಹಾಕಲು ನನ್ನಿಂದಾಗದು.

ಇನ್ನೊಂದು, ಹಾಲು. 1980ರ ದಶಕದಲ್ಲಿ ನೆದರ್ಲೆಂಡ್ಸಿನಲ್ಲಿ ಪೀಟರ್ ಡಾಗ್ನೆಲಿ ಮತ್ತು ಸಂಗಡಿಗರು ಮ್ಯಾಕ್ರೋಬಯೋಟಿಕ್ ಮನೆಗಳ ಎಳೆಯ ಮಕ್ಕಳನ್ನು ಪರೀಕ್ಷಿಸಿದರು. ತಾಯಿ ಹಾಲು ಬಿಡಿಸಿದ ಮೇಲೆ ಆ ಮಕ್ಕಳ ಬೆಳವಣಿಗೆ ಕುಂಠಿತವಾಗಿತ್ತು. ಎಲುಬು ಮೆತ್ತಗಾಗಿ ಬಾಗುವ ರಿಕೆಟ್ಸ್ ಇತ್ತು, ಬಿ12 ಜೀವಸತ್ವ ತೀರ ಕಡಿಮೆಯಿತ್ತು. ಊಟಕ್ಕೆ ಕೊಬ್ಬು, ಮೀನು, ಹಾಲಿನ ಪದಾರ್ಥ ಸೇರಿಸಿರಿ ಎಂದು ಸಂಶೋಧಕರು ಹೇಳಿದರು. ಬಿ12 ಧಾನ್ಯದಲ್ಲಿಲ್ಲ, ಸೊಪ್ಪಿನಲ್ಲಿಲ್ಲ, ಪಾಚಿಯಲ್ಲಿರುವುದನ್ನು ನೆಚ್ಚುವಂತಿಲ್ಲ. ಯಕೃತ್ತಿನಲ್ಲಿ ಅದರ ಸಂಗ್ರಹ ವರ್ಷಗಟ್ಟಲೆ ಬಾಳುವುದರಿಂದ, ಕೊರತೆ ತಕ್ಷಣಕ್ಕೆ ಗೊತ್ತಾಗುವುದೂ ಇಲ್ಲ. ಕಾಲು ಜುಮುಗುಡತೊಡಗಿ, ಮರೆವು ಹೆಚ್ಚಿದ ಮೇಲೆ ಪರೀಕ್ಷೆ ಮಾಡಿಸುವ ಹೊತ್ತಿಗೆ ತಡವಾಗಿರುತ್ತದೆ. ನಮ್ಮದು ಮಾಂಸ ಮುಟ್ಟದ ಮನೆ. ಹಾಲೂ ಬಿಟ್ಟರೆ ಉಳಿಯುವುದೇನು? ಆದ್ದರಿಂದ ಮೊಸರು, ಮಜ್ಜಿಗೆ ಉಳಿಸಿಕೊಂಡಿದ್ದೇವೆ. ಅಷ್ಟು ಸಾಲದೆಂದು ವೈದ್ಯರು ಬರೆದುಕೊಟ್ಟ ಬಿ12 ಮಾತ್ರೆಯನ್ನೂ ತೆಗೆದುಕೊಳ್ಳುತ್ತೇವೆ. ಶುದ್ಧ ಮ್ಯಾಕ್ರೋಬಯೋಟಿಕ್ ಅಲ್ಲ ಎಂದು ಯಾರಾದರೂ ಅಂದರೆ ಅನ್ನಲಿ. ಬೆಳೆಯುವ ಮಕ್ಕಳಿಗೆ, ಗರ್ಭಿಣಿಯರಿಗೆ, ಬಾಣಂತಿಯರಿಗೆ ಹಾಲು-ಮೊಸರು-ಮೊಟ್ಟೆ ತಪ್ಪಿಸುವ ಯಾವ ಪಥ್ಯವನ್ನೂ ನಾನು ಸಮರ್ಥಿಸುವುದಿಲ್ಲ.

ಹಾಗಾದರೆ ನಾನು ಈ ಪದ್ಧತಿಯಿಂದ ಪಡೆದದ್ದೇನು? ಬಹುಪಾಲು ಊಟದ ರೀತಿ.

ಅಗಿಯುವುದು ಮೊದಲನೆಯದು. ಒಂದು ತುತ್ತಿಗೆ 50 ಸಲ ಅಗಿಯಿರಿ ಎನ್ನುತ್ತಾರೆ. ಮೆತ್ತನೆಯ ಅನ್ನವನ್ನು ಅಷ್ಟು ಹೊತ್ತು ಬಾಯಲ್ಲಿಟ್ಟುಕೊಳ್ಳಲು ಬರುವುದಿಲ್ಲ, ಅದು ತಾನಾಗಿ ಜಾರುತ್ತದೆ. ಕಡಕ ರೊಟ್ಟಿಗೆ ಯಾರೂ ನಿಯಮ ಹೇಳಬೇಕಿಲ್ಲ. ಅಗಿಯದೆ ಅದು ಇಳಿಯುವುದೇ ಇಲ್ಲ. ಅಗಿದಂತೆ ಜೋಳದೊಳಗಿನ ಸಿಹಿ ನಿಧಾನ ಬಿಡುತ್ತದೆ, ಅಷ್ಟರಲ್ಲಿ ಹೊಟ್ಟೆ ಸಾಕು ಅನ್ನುತ್ತದೆ. ಟಿವಿ ಮುಂದೆ, ಮೊಬೈಲ್ ಹಿಡಿದು ಉಣ್ಣುತ್ತಿದ್ದಾಗ ಈ ಸಾಕು ಎಂಬ ಮಾತು ನನಗೆ ಕೇಳಿಸಿದ್ದೇ ಇಲ್ಲ.

ರಾತ್ರಿಯೂಟ ಏಳೂವರೆಗೆ ಬಂತು. ಎಲ್ಲಕ್ಕಿಂತ ಕಷ್ಟವಾದದ್ದು ಇದು. ಕಲಬುರಗಿಯ ಬೇಸಿಗೆಯಲ್ಲಿ ಊರು ಎಚ್ಚರಾಗುವುದೇ ಹೊತ್ತು ಮುಳುಗಿದ ಮೇಲೆ. ಪೇಟೆ, ಭೇಟಿ, ಮದುವೆ ಮಾತುಕತೆ ಎಲ್ಲ ರಾತ್ರಿಯೇ. ಆದರೂ ಹಿಡಿದ ಹಟ ಬಿಡಲಿಲ್ಲ. ಬೆಳಿಗ್ಗೆ ಎದ್ದಾಗ ನಿಜವಾದ ಹಸಿವು ಇರುತ್ತದಲ್ಲ, ಅದು ನನಗೆ ಬಾಲ್ಯದ ನಂತರ ಮತ್ತೆ ಸಿಕ್ಕಿದ್ದು ಇದರಿಂದಲೇ. ಆ ಹಸಿವಿಗೆ ಬೇಸಿಗೆಯಲ್ಲಿ ಅಂಬಲಿ: ಜೋಳದ ಹಿಟ್ಟನ್ನು ಕುದಿಸಿ, ರಾತ್ರಿಯಿಡೀ ಹುಳಿಗಿಟ್ಟು, ಬೆಳಿಗ್ಗೆ ಮಜ್ಜಿಗೆ, ಜೀರಿಗೆ, ಹೆಚ್ಚಿದ ಉಳ್ಳಾಗಡ್ಡಿ ಹಾಕಿ ಕಲಸಿದ್ದು. ಚಳಿಗಾಲಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಡಿಸೆಂಬರಿನಲ್ಲಿ ಹಸಿ ತೊಗರಿಕಾಯಿ, ಕಡಲೆ ಸೊಪ್ಪು. ಕಣ್ಣಿ ಮಾರ್ಕೆಟ್ಟಿನಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಗೋಣಿ ಹಾಸಿ ಮಾರುವುದನ್ನು ನೋಡಿಯೇ ವಾರದ ಅಡುಗೆ ನಿರ್ಧರಿಸುತ್ತೇನೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ನಿಂತ ಜೋಳದ ನಡುವೆ ಕೂತು ಉಣ್ಣುವ ಭಜ್ಜಿ ಇದೆಯಲ್ಲ, ಅದರಲ್ಲಿ ಆ ತಿಂಗಳು ಹೊಲದಲ್ಲಿ ಸಿಗುವ ಕಾಯಿ, ಕಾಳು, ಸೊಪ್ಪು ಎಲ್ಲವೂ ಇರುತ್ತವೆ. ಕಾಲಕ್ಕೆ ತಕ್ಕ ಊಟ ಎಂದರೆ ಏನು ಎಂಬುದನ್ನು ನನಗೆ ಆ ಒಂದು ಪಲ್ಯದಷ್ಟು ಚೆನ್ನಾಗಿ ಯಾವ ಪಟ್ಟಿಯೂ ತಿಳಿಸಿಲ್ಲ. ಜನವರಿಯಲ್ಲಿ ಕೆಂಡದಲ್ಲಿ ಸುಟ್ಟ ಎಳೆ ಜೋಳದ ಸೀತನಿ, ಬೆಲ್ಲ ಮತ್ತು ಶೇಂಗಾ ಹಿಂಡಿ ಜೊತೆ. ಬೆಲ್ಲವೂ ಬೇಡ ಎನ್ನುತ್ತದೆ ಪದ್ಧತಿ. ಸೀತನಿಗೆ ಬೆಲ್ಲ ಬಿಡುವುದಿಲ್ಲ.

ಪಂಕ್ತಿಯಿಂದ ಎಬ್ಬಿಸುವ ನಿಯಮವನ್ನೂ ನಾನು ಇಟ್ಟುಕೊಂಡಿಲ್ಲ. ಶರಣಬಸವೇಶ್ವರರ ಜಾತ್ರೆಗೆ ಹೋದರೆ ದಾಸೋಹದಲ್ಲಿ ಬಡಿಸಿದ್ದನ್ನು ಉಣ್ಣುತ್ತೇನೆ, ಮಾಲಪುರಿ ಕೊಂಡು ತರುತ್ತೇನೆ. ಅರಳಗುಂಡಗಿಯ ಆ ಶರಣರು ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರಿಟ್ಟರು ಎಂದು ನಮ್ಮ ಕಡೆ ಮಕ್ಕಳಿಗೆ ಕಥೆ ಹೇಳುತ್ತಾರೆ. ಅಂಥವರ ಅಂಗಳದಲ್ಲಿ ಕೂತು ಇದು ನನಗೆ ಒಗ್ಗುವುದಿಲ್ಲ ಅನ್ನುವ ಮನಸ್ಸು ನನಗೆ ಬರುವುದಿಲ್ಲ, ಬರಬಾರದು ಕೂಡ.

ಕೊನೆಯದಾಗಿ, ಈ ಪದ್ಧತಿಯ ಬಗ್ಗೆ ಬರೆಯುವವರು ಹೆಚ್ಚಾಗಿ ಬಿಟ್ಟುಬಿಡುವ ವಿಷಯ: ಕೈಗಳು. ಇಡಿ ಧಾನ್ಯ ಎಂದರೆ ಯಾರದೋ ರಟ್ಟೆ. ಅಕ್ಕಿಯನ್ನು ಕುಕ್ಕರಿಗೆ ಹಾಕಿ ಬೇರೆ ಕೆಲಸ ನೋಡಬಹುದು. ರೊಟ್ಟಿಗೆ ಎಸರು ಕಾಯಬೇಕು, ಹಿಟ್ಟು ಬಿಸಿಯಿರುವಾಗಲೇ ನಾದಬೇಕು, ಒಂದೊಂದನ್ನೇ ಬಡಿಯಬೇಕು, ಹಂಚಿನ ಮೇಲೆ ಹಾಕಿ ನೀರಿನ ಅರಿವೆ ಸವರಬೇಕು, ತಿರುವಬೇಕು, ಉಬ್ಬಿಸಬೇಕು. ಐದು ಮಂದಿಯ ಮನೆಗೆ ಬೆಳಿಗ್ಗೆ ಒಂದು ತಾಸು ಒಲೆಯ ಮುಂದೆ. ನಮ್ಮ ಹೆಣ್ಣುಮಕ್ಕಳು ರೊಟ್ಟಿ ಬಿಟ್ಟದ್ದು ರುಚಿ ಕೆಟ್ಟು ಅಲ್ಲ; ನೌಕರಿಗೆ ಹೊರಟವರಿಗೆ, ಭುಜ ನೋಯುವವರಿಗೆ ಆ ತಾಸು ಎಲ್ಲಿಂದ ತರಬೇಕು? ಮಿಚಿಯೋ ಕುಶಿ ತನ್ನ ಜೀವನಕ್ರಮದ ಸಲಹೆಗಳಲ್ಲಿ ದಿನಕ್ಕೊಂದು ಹಾಡು ಹೇಳಿಕೊಳ್ಳಿ ಎಂದಿದ್ದರು. ನಮ್ಮಲ್ಲಿ ಬೀಸುವಾಗಿನ ಪದಗಳು ಎಷ್ಟೋ ಇವೆ. ಆ ಪದಗಳ ತುಂಬ ತವರಿನ ನೆನಪಿದೆ, ದಣಿವೂ ಇದೆ.

ಅದಕ್ಕೇ ಮೊದಲ ವಾರದಲ್ಲೇ ನಾನು ಮನೆಯವರಿಗೆ ಸ್ಪಷ್ಟವಾಗಿ ಹೇಳಿದೆ. "ಸಕ್ರಿ ನಿಮ್ದು, ಪಥ್ಯ ನಿಮ್ದು, ರೊಟ್ಟಿ ಅಷ್ಟೇ ನನ್ದ್ಯಾಕ್ರಿ? ನೀವೂ ಕಲೀರಿ." ಅವರು ಕಲಿತರು. ಅತ್ತಿ ಪಕ್ಕದಲ್ಲಿ ಕೂತು, "ಬೆರಳ್ಲೆ ಬಡೀಬ್ಯಾಡೋ ತಮ್ಮಾ, ಅಂಗೈಲೆ ಬಡಿ" ಎಂದು ತಿದ್ದಿದರು. ಈಗ ವಾರದ ಅರ್ಧ ದಿನ ರೊಟ್ಟಿ ಅವರದು, ಅರ್ಧ ನನ್ನದು. ಇಬ್ಬರಿಗೂ ಆಗದ ದಿನಕ್ಕೆ ನಮ್ಮ ಓಣಿಯಲ್ಲೇ ಕಡಕ ರೊಟ್ಟಿ ಮಾಡಿ ಮಾರುವ ಅಕ್ಕ ಇದ್ದಾರೆ. ಅವರ ಹತ್ತಿರ ಚೌಕಾಸಿ ಮಾಡುವುದಿಲ್ಲ.

ಕಲಬುರಗಿ, ಬೀದರ, ಯಾದಗಿರಿ ಕಡೆಯ ಯಾರಾದರೂ ಇದನ್ನು ಓದಿ ಶುರು ಮಾಡುವುದಿದ್ದರೆ, ಮಾರ್ಚಿನಲ್ಲಿ ಶುರು ಮಾಡಿ. ಹೊಸ ಜೋಳ ಗಂಜಿಗೆ ಬಂದಿರುತ್ತದೆ. ಹೊಸ ಹಿಟ್ಟಿಗೆ ಜಿಗಿ ಇರುತ್ತದೆ, ಕಲಿಯುವವರ ಕೈಯಲ್ಲೂ ರೊಟ್ಟಿ ಹರಿಯುವುದಿಲ್ಲ. ಒಂದು ಚೀಲ ಕೊಂಡು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೇವಿನ ಎಲೆ ಹಾಕಿಡಿ. ಗಿರಣಿಗೆ ವಾರಕ್ಕೆ ಬೇಕಾದಷ್ಟೇ ಒಯ್ಯಿರಿ, ಹಿಟ್ಟನ್ನು ಜರಡಿ ಹಿಡಿದು ಹೊಟ್ಟು ಚೆಲ್ಲಬೇಡಿ. ಮೊದಲು ಮಧ್ಯಾಹ್ನದ ಒಂದು ಊಟವನ್ನು ಮಾತ್ರ ಬದಲಿಸಿ, ಎರಡನೆಯದನ್ನು ಮಳೆಗಾಲಕ್ಕೆ ನೋಡಿಕೊಳ್ಳಿ. ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುವವರು ಊಟ ಬದಲಿಸುವ ಮುನ್ನ ವೈದ್ಯರಿಗೆ ಹೇಳಿ, ಮಾತ್ರೆಯನ್ನು ತಾವೇ ಬಿಡಬೇಡಿ. ಬಿ12 ಒಮ್ಮೆ ಪರೀಕ್ಷೆ ಮಾಡಿಸಿ. ಮನೆಯಲ್ಲಿ ರೊಟ್ಟಿ ಯಾರು ಬಡಿಯುತ್ತಾರೆ ಎಂಬುದನ್ನು ಜೋಳ ಕೊಳ್ಳುವ ಮೊದಲೇ ಕೂತು ಮಾತಾಡಿ.